ಹಿತ್ತಲಿನ ಗುಲಾಬಿ ಪಾತಿ

ಸೀಡರ್ ಪಾರ್ಕ್
ಮಾರ್ಚ್ 2008

ಚನ್ನಬಸಪ್ಪ ಅಂಕಲ್‌ಗೆ ನಮಸ್ಕಾರ.

ಮನೆ ನಿಮ್ಮದು, ಹಿತ್ತಲೂ ನಿಮ್ಮದು. ಅಲ್ಲಿ ಈಜುಕೊಳ ಕಟ್ಟಿಸೋದು ನಿಮ್ಮಿಷ್ಟ, ಬಾಡಿಗೆಗಿರೋ ನಾನು ಬೇಡ ಅನ್ನಲ್ಲ. ಆದರೆ ನನ್ನ ರೂಮ್‌ಮೇಟ್ ಮಹ್ವಶ್‌ಗೆ ತಲೆ ಕೆಟ್ಟಿದೆ, ಖಾಲಿ ಮಾಡಿಸು ಅಂತ ಫೋನಲ್ಲಿ ಅಂದಿರಲ್ಲ, ಅದಕ್ಕೇ ಈ ಕಾಗದ.

ಗುರುವಾರ ಅವಳು ನಿಮ್ಮ ಬುಲ್ಡೋಜರ್‌ಗೆ ಅಡ್ಡ ನಿಂತದ್ದು ನಿಜ. ಕೂಗಾಡಲಿಲ್ಲ. "ಇದು ಯಾವ ಸರ್ಕಾರದ ಆರ್ಡರ್?" ಅಂತ ಡ್ರೈವರ್‌ನ ಕೇಳಿದಳು, ಅಷ್ಟೇ. ಅವನು ನಕ್ಕುಬಿಟ್ಟ.

ಅವಳು ಇರಾನಿನವಳು, ಅಲ್ಲಿನ ಸರ್ಕಾರ ಒಪ್ಪದ ಬಹಾಯಿ ಧರ್ಮದವಳು. ಧರ್ಮ ಬಿಟ್ಟೆ ಅಂತ ಒಂದು ಮಾತು ಅಂದಿದ್ದರೆ ಅವಳಪ್ಪನನ್ನು ಜೈಲಿಂದ ಬಿಡ್ತಿದ್ದರಂತೆ. ಅಪ್ಪ ಅನ್ನಲಿಲ್ಲ. ಗಲ್ಲಿಗೆ ಹಾಕಿದರು. ಆಗ ಇವಳಿನ್ನೂ ಕೂಸು. ಹೋದ ವರ್ಷ, ಅಪ್ಪನನ್ನು ಹೂತಿದ್ದ ಅವಳೂರಿನ ಬಹಾಯಿ ಸ್ಮಶಾನದ ಮೇಲೆ ಸರ್ಕಾರವೇ ಬುಲ್ಡೋಜರ್ ಓಡಿಸಿತು. ಸುದ್ದಿ ಬಂದ ವಾರವೇ ಅವಳು ಹಿತ್ತಲಲ್ಲಿ ಗುಲಾಬಿ ಪಾತಿ ಮಾಡಿದಳು. ಅದು ಸರಿಯಾಗಿ ಆಳುದ್ದ ಯಾಕಿದೆ ಅಂತ ನಾನು ಕೇಳಲಿಲ್ಲ.

ಭಾನುವಾರದವರೆಗೆ ದಯವಿಟ್ಟು ಮೆಷಿನ್ ಕಳಿಸಬೇಡಿ. ಗಿಡಗಳನ್ನು ನಾವಿಬ್ಬರೇ ಬೇರು ಸಮೇತ ಎತ್ತಿ ಕುಂಡಗಳಿಗೆ ಹಾಕ್ತೀವಿ. ಆಮೇಲೆ ಅವಳನ್ನು ಇರ್ವಿಂಗ್‌ನಲ್ಲಿರೋ ನಮ್ಮಕ್ಕನ ಮನೆಗೆ ಕರ್ಕೊಂಡು ಹೋಗ್ತೀನಿ. ಸೋಮವಾರ ಅಗೆಸಿ. ಆ ಸದ್ದು ಅವಳಿಗೆ ಕೇಳಿಸಬಾರದು.

ಪಾತಿ ಕೆಳಗೆ ಏನು ಹೂತಿಟ್ಟಿದ್ದಾಳೆ ಅಂತ ಕೇಳಿದಿರಿ. ಏನೂ ಇಲ್ಲ, ಅಂಕಲ್. ಈಗ ಅವಳೂರಲ್ಲೂ ಏನೂ ಇಲ್ಲ.

ಇಂತಿ,
ಮಹತಿ