ಗಾಡಿಮನೆಯ ಸಿಂಕು

ಸರ್ವೆ ಕ್ಯಾಂಪು, ಮುದ್ದೇಬಿಹಾಳ
ಮಂಗಳವಾರ, ೨೬ ನವೆಂಬರ್ ೧೯೭೪

ಪ್ರೀತಿಯ ಯಜಮಾನರ ಪಾದಗಳಿಗೆ ನಿಮ್ಮ ಕಸ್ತೂರೆವ್ವನ ನಮಸ್ಕಾರಗಳು.

ಮೈ ಹೇಗಿದೆ? ಸೂಜಿ ಚುಚ್ಚಿದ ಕಡೆ ಗಂಟು ಕಟ್ಟಿದೆ ಎಂದು ಬರೆದಿದ್ದಿರಿ. ಉಪ್ಪಿನ ಶಾಖ ಕೊಡಲು ಅಲ್ಲಿಯ ಆಯಾಗೆ ಹೇಳಿ, ಸಂಕೋಚಪಡಬೇಡಿ. ಬೆಳಿಗ್ಗೆ ಕೊಡುವ ಹಾಲನ್ನು ಪಕ್ಕದ ಮಂಚದವರಿಗೆ ದಾನ ಮಾಡುತ್ತಿಲ್ಲ ತಾನೆ? ನಿಮ್ಮ ಧಾರಾಳತನ ನನಗೆ ಗೊತ್ತು. ವಿಜಾಪುರದಲ್ಲಿ ಚಳಿ ಹೆಚ್ಚಂತೆ, ಕರಿ ಕಂಬಳಿಯನ್ನು ತಲೆದಿಂಬು ಮಾಡಿಕೊಳ್ಳದೆ ಹೊದ್ದುಕೊಳ್ಳಿ. ನಾನು ಚೆನ್ನಾಗಿದ್ದೇನೆ. ಚೆನ್ನಾಗಿದ್ದೇನೆ ಎಂದರೆ ಉಣ್ಣುತ್ತೇನೆ, ಮಲಗುತ್ತೇನೆ, ಆರು ಜನ ಸಾಹೇಬರಿಗೆ ರೊಟ್ಟಿ ಬಡಿಯುತ್ತೇನೆ. ಜೀಪನ್ನು ಈಗಲೂ ಓವರಸಿಯರ್ ಪರಸಪ್ಪನವರೇ ನಡೆಸುತ್ತಾರೆ, ಗೇರು ಬದಲಿಸುವಾಗಲೆಲ್ಲ ಅದು ನಿಮ್ಮನ್ನು ನೆನೆಸಿ ಅಳುತ್ತದೆ. ಈ ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಎಂದಿನಂತೆ ಅವರೇ ಬರೆದುಕೊಡುತ್ತಾರೆ.

ನಿಮ್ಮ ಪತ್ರ ಓದಿ ನನಗೆ ಸಿಟ್ಟು ಬಂತು. ಸಿಂಕು ಅಲುಗಾಡುತ್ತಿದೆ ಎಂದು ಬರೆದದ್ದಷ್ಟೇ ನನ್ನ ತಪ್ಪು. ಅದಕ್ಕೆ ನೀವು ಆಸ್ಪತ್ರೆ ಬಿಟ್ಟು ಓಡಿ ಬರುತ್ತೀರಂತೆ, ಒಂದೇ ದಿನದ ಕೆಲಸವಂತೆ, ಮತ್ತೆ ಹೋಗಿ ಮಲಗುತ್ತೀರಂತೆ! ಡಾಕ್ಟರು ನಮ್ಮಿಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಹೇಳಿದ್ದನ್ನು ಮರೆತಿರಾ? ಆರು ತಿಂಗಳು ಅಲ್ಲಿ, ಆಮೇಲೆ ಒಂದು ವರ್ಷ ಗುಳಿಗೆ, ನಡುವೆ ಬಿಟ್ಟರೆ ಮುಂದೆ ಯಾವ ಔಷಧವೂ ಹತ್ತುವುದಿಲ್ಲ ಎಂದರು. ಶ್ರಾವಣದಲ್ಲಿ ಸೇರಿದವರು ನೀವು, ಇನ್ನೂ ನಾಲ್ಕು ತಿಂಗಳೂ ತುಂಬಿಲ್ಲ. ಒಂದು ತಗಡಿನ ತೊಟ್ಟಿಗಾಗಿ ಯಾರಾದರೂ ಪ್ರಾಣ ಕಳೆದುಕೊಳ್ಳುತ್ತಾರೆಯೆ?

ಆದರೂ ನಿಮ್ಮ ಜೀವ ಈ ಗಾಡಿಮನೆಯ ಮೇಲೆಯೇ ಇದೆ ಎಂದು ನನಗೆ ಗೊತ್ತು. ನಾಲ್ಕು ವರ್ಷದ ಹಿಂದೆ ಇದನ್ನು ಹತ್ತಿದ ದಿನ ನೆನಪಿದೆಯೆ? ಕಾಲುವೆ ಅಳೆಯುವವರ ಜೀಪಿನ ಹಿಂದೆ ಕಟ್ಟಿಕೊಂಡು ಊರೂರು ತಿರುಗುವ ಮನೆ, ಮುಂದಿನ ಅರ್ಧ ಅಡಿಗೆಗೆ, ಹಿಂದಿನ ಅರ್ಧ ನಮ್ಮ ಹಾಸಿಗೆಗೆ ಎಂದು ನೀವು ಹೆಮ್ಮೆಯಿಂದ ತೋರಿಸಿದಾಗ ನಿಮ್ಮವ್ವ ಮೂಗಿನ ಮೇಲೆ ಬೆರಳಿಟ್ಟರು. "ಗಾಲಿ ಮ್ಯಾಲ ಎಂಥಾ ಸಂಸಾರ ಮಾಡ್ತೀಯವ್ವಾ ನೀ" ಅಂದರು. ನಾನಂತೂ ಆ ಸಿಂಕು ನೋಡಿ ಮರುಳಾಗಿದ್ದೆ. ನಿಂತುಕೊಂಡು ಪಾತ್ರೆ ತೊಳೆಯುವ ಭಾಗ್ಯ ನಮ್ಮೂರು ಯಂಕಂಚಿಯಲ್ಲಿ ಯಾವ ಸೊಸೆಗಿತ್ತು ಹೇಳಿ.

ನಾನು ಮಾಡಿದ ಹುಚ್ಚುತನವನ್ನೂ ಹೇಳಿಬಿಡುತ್ತೇನೆ, ನಗಬಹುದು, ಕೆಮ್ಮು ಬರುವಷ್ಟು ನಗಬೇಡಿ. ಬಾಗೇವಾಡಿ ಕ್ಯಾಂಪಿನಲ್ಲಿ ಸಿಂಕಿನ ಅಂಚಿನಿಂದ ನೀರು ಸೋರತೊಡಗಿದಾಗ ಸುಣ್ಣ ಬೆಲ್ಲ ಕಲಸಿ ಸುತ್ತಲೂ ಮೆತ್ತಿದೆ. ನಮ್ಮವ್ವ ಬಚ್ಚಲ ಕಲ್ಲಿನ ಸಂದಿಗೆ ಮೆತ್ತುತ್ತಿದ್ದಳಲ್ಲ, ಹಾಗೆಯೇ. ಮರುದಿನ ಕಲ್ಲಿನಂತೆ ಗಟ್ಟಿಯಾಯಿತು. ಕ್ಯಾಂಪು ಕಿತ್ತು ಇಲ್ಲಿಗೆ ಹೊರಟ ದಿನ ಮೊದಲ ಹಳ್ಳ ದಾಟುವಾಗಲೇ ಅದೆಲ್ಲ ಪುಡಿಪುಡಿ. ನಮ್ಮವ್ವನ ಬಚ್ಚಲು ಎಲ್ಲಿಗೂ ಪ್ರಯಾಣ ಮಾಡುವುದಿಲ್ಲ ಎಂಬುದು ನನಗೆ ಹೊಳೆದೇ ಇರಲಿಲ್ಲ. ಎರಡು ನಟ್ಟು ದಾರಿಯಲ್ಲಿ ಬಿದ್ದುಹೋದವು, ಸಿಂಕು ಪಾತ್ರೆಗಳ ಸಮೇತ ವಾಲಿಕೊಂಡಿತು, ಬೆಲ್ಲ ಹುಡುಕಿಕೊಂಡು ಬಂದ ಇರುವೆಗಳು ಮಾತ್ರ ನನ್ನ ಜೊತೆ ಮುದ್ದೇಬಿಹಾಳಕ್ಕೆ ಬಂದವು.

ನಿನ್ನೆ ಅದನ್ನು ರಿಪೇರಿ ಮಾಡಿದೆ. ಹೌದು, ನಾನೇ. ನಿನ್ನೆಯೇ ಯಾಕೆ ಅಷ್ಟು ಅವಸರ ಎಂಬುದನ್ನು ಆಮೇಲೆ ಬರೆಯುತ್ತೇನೆ. ಸಾಹೇಬರೆಲ್ಲ ನಾಲತವಾಡದ ಕಡೆ ಅಳತೆಗೆ ಹೋದ ಮೇಲೆ ನಟ್ಟು ತಿರುವುವ ನಿಮ್ಮ ಪಾನಾಗಳ ಚೀಲ ಬಿಚ್ಚಿದೆ. ಸೀರೆ ಕಚ್ಚೆ ಹಾಕಿ, ಸಿಂಕಿನ ಕೆಳಗೆ ಅಂಗಾತ ಮಲಗಿ, ಉಳಿದ ಎರಡು ನಟ್ಟು ಬಿಚ್ಚಿದೆ. ಸಿಂಕನ್ನು ಮೇಲಕ್ಕೆತ್ತಿದಾಗ ಅದರ ಅಂಚಿಗೂ ಹಲಗೆಗೂ ನಡುವೆ ಒತ್ತಾಗಿ ತುರುಕಿದ್ದ ಬಟ್ಟೆ ಹೊರಬಂತು. ಕೆಂಪು ಅಂಚಿನ ಟವೆಲ್ಲು, ಉದ್ದುದ್ದ ಸೀಳಿದ್ದು. ಇಂಡಿ ಕ್ಯಾಂಪಿನಲ್ಲಿ ಹೋದ ವರ್ಷ ಮಹಾನವಮಿಯ ಮುಂಚೆ ಕಳೆದಿದ್ದ ಎರಡು ಟವೆಲ್ಲು. ಅವುಗಳಿಗಾಗಿ ನಾನು ಅಗಸರ ಮನೆಯ ತನಕ ಹೋಗಿ ಜಗಳವಾಡಿ ಬಂದಿದ್ದೆ. ನೀವು ಪಕ್ಕದಲ್ಲೇ ನಿಂತು "ಹೋಗ್ಲಿ ಬಿಡ, ಬಡವರು" ಅಂದಿದ್ದಿರಿ.

ಬಟ್ಟೆಯ ತುಂಬ ಕಂದು ಕಲೆ. ಮೊದಲು ತಗಡಿನ ತುಕ್ಕು ಎಂದುಕೊಂಡೆ. ಆದರೆ ನೀರು ತಾಗದ ಒಳಮಡಿಕೆಯಲ್ಲಿಯೂ ಕಲೆಯಿತ್ತು, ಬಾಯಿಗೆ ಒತ್ತಿ ಹಿಡಿದಂತೆ ಗುಂಡಗೆ. ಟವೆಲ್ಲು ಕಳೆದ ಆ ದಿನಗಳಲ್ಲೇ ಒಮ್ಮೆ ಸಿಂಕು ಬಿಗಿಮಾಡುವಾಗ ನೀವು ನನ್ನನ್ನು ಹೊರಗೆ ಕಳಿಸಿದ್ದು ನೆನಪಾಯಿತು. "ನೀ ಹೊರಗ ಕುಂದ್ರ, ಕೈಗೆ ಗ್ರೀಸ್ ಹತ್ತತೈತಿ" ಅಂದಿರಿ. ನಾನು ಬೇವಿನ ನೆರಳಿಗೆ ಕುಳಿತು, ನನ್ನ ಗಂಡ ಎಷ್ಟು ಕಾಳಜಿಯವನು ಎಂದು ಹಿಗ್ಗಿದ್ದೆ. ಶ್ರಾವಣದಲ್ಲಿ ಡಾಕ್ಟರು ಎಷ್ಟು ದಿನದಿಂದ ಕೆಮ್ಮಿನಲ್ಲಿ ರಕ್ತ ಬೀಳುತ್ತಿದೆ ಎಂದು ಕೇಳಿದಾಗ "ಎಂಟ ದಿನ ಆತ್ರಿ" ಅಂದಿರಲ್ಲ, ನವಮಿಯಿಂದ ಶ್ರಾವಣಕ್ಕೆ ಹತ್ತು ತಿಂಗಳು. ಹತ್ತು ತಿಂಗಳು ನಾನು ಅದೇ ಸಿಂಕಿನಲ್ಲಿ ತಟ್ಟೆ ತೊಳೆಯುತ್ತ ನಿಂತಿದ್ದೆ, ನಿಮ್ಮ ರೋಗ ನನ್ನ ಕೈಯ ಕೆಳಗೇ ಇತ್ತು. ಇದಕ್ಕೆ ನನಗೆ ಬಹಳ ದುಃಖವಾಗಿದೆ. ಕೆಲಸ ಹೋಗುತ್ತದೆಂಬ ಹೆದರಿಕೆಯಿಂದ ಮುಚ್ಚಿಟ್ಟಿರಿ, ಗೊತ್ತು. ನನಗಾದರೂ ಹೇಳಬಹುದಿತ್ತು. ಇಲ್ಲಿಯ ದವಾಖಾನೆಯಲ್ಲಿ ಮೊನ್ನೆ ನನ್ನ ಕಫ ನೋಡಿದರು, ನನಗೇನೂ ಇಲ್ಲವಂತೆ. ಈ ಮಾತಿಗೆ ನೀವು ಹೆದರಬೇಡಿ.

ಬಟ್ಟೆಯನ್ನು ಒಲೆಗೆ ಹಾಕಿ ಸುಟ್ಟೆ. ಹಲಗೆಯನ್ನು ಸೋಡಾ ಹಾಕಿದ ಕುದಿ ನೀರಿನಿಂದ ಮೂರು ಸಲ ತಿಕ್ಕಿದೆ. ಜೀಪಿನ ಹಳೇ ಟ್ಯೂಬು ಕತ್ತರಿಸಿ ಅಂಚಿಗೆ ಸುತ್ತಿ, ನಿಮ್ಮ ಡಬ್ಬಿಯೊಳಗಿನ ನಟ್ಟು ಹಾಕಿ, ಹೊಟ್ಟೆಯೊಳಗಿನ ಸಿಟ್ಟೆಲ್ಲ ಸೇರಿಸಿ ತಿರುವಿದೆ. ಎರಡು ಕೊಡ ನೀರು ತುಂಬಿಸಿ ಸಂಜೆಯವರೆಗೆ ಬಿಟ್ಟರೂ ಒಂದು ಹನಿ ಕೆಳಗೆ ಬೀಳಲಿಲ್ಲ. ಆದ್ದರಿಂದ ಸಿಂಕಿನ ನೆಪ ಇನ್ನು ನಡೆಯುವುದಿಲ್ಲ, ಸುಮ್ಮನೆ ಅಲ್ಲಿಯೇ ಮಲಗಿ.

ಗುಳಿಗೆ ತಪ್ಪಿಸಬೇಡಿ. ಪಕ್ಕದ ಮಂಚದ ಗೈಬುಸಾಬಣ್ಣನಿಗೆ ನನ್ನ ಸಲಾಮು ತಿಳಿಸಿ, ಹಾಲಿನ ಲೋಟದ ಮೇಲೆ ಒಂದು ಕಣ್ಣಿಡಲು ಹೇಳಿ. ಅಮೋಘಸಿದ್ಧ ನಿಮ್ಮನ್ನು ಕಾಯಲಿ. ನನಗೆ ನಿಮ್ಮ ಆಶೀರ್ವಾದವಿರಲಿ.

ನಿಮ್ಮ
ಕಸ್ತೂರೆವ್ವ

ತಾ.ಕ.: ಲಕೋಟೆ ಅಂಟಿಸುವ ಮುನ್ನ ಬರೆಯುತ್ತಿದ್ದೇನೆ, ಬಸ್ಸಿಗೆ ಹೊತ್ತಾಯಿತು. ಇನ್ನು ಈ ವಿಳಾಸಕ್ಕೆ ಪತ್ರ ಹಾಕಬೇಡಿ, ಯಂಕಂಚಿಗೆ ನಿಮ್ಮವ್ವನ ಮನೆಗೆ ಹಾಕಿ. ಕಂತ್ರಾಟದಾರ ಸಾಹೇಬರು ಹೊಸ ಡ್ರೈವರನನ್ನು ಹಚ್ಚಿದ್ದಾರೆ, ಫಕೀರಸಾಬ ಎಂದು. ಅವನ ಹೆಂಡತಿ ಪೀರಬಿ ಇನ್ನು ಇಲ್ಲಿ ಅಡಿಗೆ ಮಾಡುತ್ತಾಳೆ. ಗಾಡಿ ಬಿಟ್ಟುಕೊಡಲು ಪರಸಪ್ಪನವರು ಭಾನುವಾರವೇ ಹೇಳಿದ್ದರು, ಅದಕ್ಕೇ ನಿನ್ನೆ ಅವಸರ ಮಾಡಿದೆ. ಪೀರಬಿಯ ಕಂಕುಳಲ್ಲಿ ಹಾಲು ಕುಡಿಯುವ ಕೂಸು ಇದೆ, ಹಲಗೆಯನ್ನು ಮೂರು ಸಲ ತಿಕ್ಕಿದ್ದು ಒಳ್ಳೆಯದಾಯಿತು. ಓಡಿ ಬಂದರೂ ನಿಮಗೆ ಇಲ್ಲಿ ಕೆಲಸವಿಲ್ಲ, ಮನೆಯಿಲ್ಲ. ಪೀರಬಿ ಸಿಂಕು ಅಲುಗಾಡಿಸಿ ನೋಡಿ "ಭಾಳ ಗಟ್ಟಿ ಐತ್ರಿ, ಯಾರ ಕುಂದ್ರಿಸ್ಯಾರ ಇದನ್ನ?" ಅಂದಳು. ನಾನು ನಿಮ್ಮ ಹೆಸರು ಹೇಳಿದೆ. ಮದುವೆಯಾದ ಮೇಲೆ ಮೊದಲ ಸಲ ಬಾಯಿಬಿಟ್ಟು ಪೂರ್ತಿ ಹೆಸರು ಹೇಳಿದೆ. ಹೆಂಡತಿ ಹೆಸರು ಹೇಳಿದರೆ ಗಂಡನ ಆಯುಷ್ಯ ಕಡಿಮೆಯಾಗುತ್ತದೆ ಎನ್ನುತ್ತಾರೆ ನಿಮ್ಮವ್ವ. ನನಗೀಗ ಬಹಳ ಹೆದರಿಕೆಯಾಗುತ್ತಿದೆ. ಔಷಧ ಪೂರ್ತಿ ಮುಗಿಸಿ ಬಂದು ಆ ಮಾತನ್ನು ಸುಳ್ಳು ಮಾಡಿ.