ಚರ್ಚಿನ ಬೀಗದ ಕೈ

ಮೇ ೧೪, ಗುರುವಾರ

ಇವತ್ತು ಮಗಳು ಫೆನ್ನಳನ್ನು ಒಳಗೆ ಬಿಟ್ಟು ಚರ್ಚಿಗೆ ಬೀಗ ಹಾಕಿದೆ. ಬರೆದರಾದರೂ ಎದೆ ಹಗುರಾದೀತು ಅಂದುಕೊಂಡಿದ್ದೆ. ಇಲ್ಲ.

ಏಳು ವಾರದ ಕೂಸು. ಗ್ರೋನಿಂಗನ್ ಪ್ರಾಂತ್ಯದ ಹಳ್ಳಿಗಳ ಹಳೇ ಚರ್ಚುಗಳನ್ನು ನೋಡುತ್ತ ತಿರುಗಿದರೆ ನನಗೆ ಸಮಾಧಾನವಾಗುತ್ತದೆ ಎಂದು ಈ ಪ್ರವಾಸ ಹೊರಡಿಸಿದವನು ನನ್ನ ಗಂಡ ವೀಬ. ಅವನು ಸೈಕಲ್ಲಿಗೆ ಪಂಕ್ಚರ್ ಹಾಕುತ್ತಿದ್ದ. ಚರ್ಚಿನ ಬೀಗದ ಕೈ ಇಟ್ಟುಕೊಂಡಿರುವ ಎದುರು ಮನೆಯ ಗ್ರೀತ್ಯೆ ಅಜ್ಜಿಯಿಂದ ಅದನ್ನು ಇಸಿದುಕೊಂಡು ಮಗುವಿನೊಡನೆ ನಾನೊಬ್ಬಳೇ ಹೋದೆ. ಸುಣ್ಣದ ಗೋಡೆಗಳಿಗೆ ಬಡಿದು ಅವಳ ಅಳು ಮೂರು ಪಟ್ಟಾಗಿ ನನ್ನ ಮೇಲೇ ಬಿತ್ತು. ನೆಲದ ಗೋರಿಗಲ್ಲಿನ ಮೇಲೆ ಶಾಲು ಹಾಸಿ ಮಲಗಿಸಿದೆ. ಹೊರಬಂದು ಬೀಗದ ಕೈ ತಿರುಗಿಸಿದೆ. ಆ ದಪ್ಪ ಬಾಗಿಲಿನಾಚೆ ಏನೂ ಕೇಳಿಸಲಿಲ್ಲ. ಎಷ್ಟು ಸುಖವಾಯಿತು, ದೇವರೇ.

"ಮಗು ಎಲ್ಲಮ್ಮ?" ಅಜ್ಜಿ ಬೇಲಿಯ ಹತ್ತಿರ ನಿಂತಿದ್ದರು.

"ಮಲಗಿದಾಳೆ."

"ಬೀಗ ಹಾಕೋಕೆ ಅವಳೇನು ಎದ್ದು ಓಡಿಹೋಗ್ತಾಳಾ? ಕೊಡು ಇಲ್ಲಿ. ನೀನು ಇಲ್ಲೇ ಕೂತಿರು, ನಾನು ಎತ್ಕೊಂಡು ಬರ್ತೀನಿ."

ಫೆನ್ನಳನ್ನು ಎತ್ತಿಕೊಂಡು ಬಂದು ನನ್ನ ಮಡಿಲಿಗಿಟ್ಟರು. ವೀಬನಿಗೆ ಅವರು ಏನೂ ಹೇಳಲಿಲ್ಲ. ಚರ್ಚು ಹೇಗಿತ್ತು ಎಂದು ಕೇಳಿದ. ಚೆನ್ನಾಗಿತ್ತು ಎಂದೆ.

ನಾಳೆ ಇನ್ನೊಂದು ಹಳ್ಳಿ. ಅಲ್ಲಿಯ ಬೀಗದ ಕೈಯನ್ನು ನನ್ನ ಕೈಗೆ ಕೊಡಬೇಡ ಎಂದು ಅವನಿಗೆ ಹೇಳಲೇಬೇಕು. ಯಾಕೆ ಎಂದು ಅವನು ಕೇಳಿದರೆ, ಇವತ್ತು ಬೀಗ ಹಾಕಿದ್ದನ್ನೂ ಹೇಳಬೇಕು.