ಟ್ರಂಕು ಬಂತು, ಮನುಷ್ಯ ಬರಲಿಲ್ಲ

೧೬ ಫೆಬ್ರುವರಿ ೧೯೨೨, ಗುರುವಾರ

ಗೋಕಾಕದ ಟಪಾಲು ಚೀಲ ಇವತ್ತೂ ತಡ. ಹನ್ನೊಂದು ಕಾಗದ, ನಾಲ್ಕು ಕಾರ್ಡು. ಕೌಜಲಗಿಯ ಓಣಿ ಓಣಿ ತಿರುಗಿ ಹಂಚಿ ಮುಗಿಸುವಷ್ಟರಲ್ಲಿ ಹೊತ್ತು ನೆತ್ತಿಗೇರಿತ್ತು. ಚೀಲ ಮೂರು ಸಲ ಕೊಡವಿ ನೋಡಿದೆ. ಏನೂ ಉಳಿದಿಲ್ಲ. ಇನ್ನೊಮ್ಮೆ ನೋಡಿದೆ.

ಕೊನೆಯ ಕಾರ್ಡು ರಾಚಪ್ಪ ಮಾಸ್ತರದು. ನಾಲ್ಕನೆಯ ಇಯತ್ತೆಯವರೆಗೆ ಕಲಿಸಿದವರು. ಅಪ್ಪ ಲಿಂಗೈಕ್ಯನಾದ ಮೇಲೆ ನನ್ನ ಸಾಲೆ ನಿಂತಿತು, ಅವರ ಪಾಠ ನಿಂತಿಲ್ಲ. ಕಟ್ಟೆಯ ಮೇಲೆ ಕೂಡಿಸಿ ಕೇಳಿದರು: ಎದುರು ಮನೆಯ ಮೇಲೆ ಹೊಗೆ ಕಾಣುತ್ತಿದೆ, ಅಡಿಗೆ ನಡೆದಿದೆ ಅಂತೀಯಲ್ಲ, ನಡುವೆ ಒಂದು ಮಾತು ನುಂಗಿದ್ದೀ, ಯಾವುದು? ತಡವರಿಸಿ ಹೇಳಿದೆ— ಹೊಗೆ ಬಂದಲ್ಲೆಲ್ಲ ಅಡಿಗೆ ಎಂಬುದು. ನೀರು ಕಾಯಿಸಿದರೂ ಹೊಗೆ ಬರುತ್ತದಲ್ಲ. ಹೌದೆಂದು ತಲೆಯಾಡಿಸಿದರು. ಖುಷಿಯಾಯಿತು. ಮನೆಗೆ ಬರುವವರೆಗೆ ಮಾತ್ರ.

ಎರಡೇ ರೊಟ್ಟಿ ಉಂಡು ಎದ್ದೆ. ಸಿಟ್ಟಾಗಿದ್ದೀರಿ ಎಂದಳು ನನ್ನ ಹೆಂಡತಿ ಅಲ್ಲವ್ವ. ಕಡಿಮೆ ಉಂಡವರೆಲ್ಲ ಸಿಟ್ಟಾದವರು ಎಂಬ ಮಾತು ನುಂಗಿದ್ದೀ ಎಂದು ಹೆಂಡತಿಗೇ ಪಾಠ ಹೇಳಲು ಹೋದೆ.

"ನಾ ಏನೂ ನುಂಗಿಲ್ರಿ. ನೀವು ಹೊಟ್ಟಿ ತುಂಬ ಉಂಡೂ ಸಿಟ್ಟಾಗ್ತೀರಿ. ಒಂಬತ್ತು ವರ್ಷ ನೋಡೇನಿ."

ನಮ್ಮಲ್ಲೇ ಇರುವ ಅಕ್ಕ ಬಾಗಿಲ ಹಿಂದೆ ನಕ್ಕಳು. ಬಹಳ ದಿನದ ಮೇಲೆ.

೨೦ ಫೆಬ್ರುವರಿ, ಸೋಮವಾರ

ಬಸವಣ್ಣೆಪ್ಪ ಕಾಕಾ ಬಂದಿದ್ದರು. ಅಪ್ಪನ ತಮ್ಮ. ದೈವ, ಅಂದರೆ ಜಾತಿಯ ಪಂಚಾಯಿತಿ, ಕೂಡಿದಾಗ ನಮ್ಮ ಹಿರಿಯರಲ್ಲಿ ಇವರ ಮಾತೇ ಮುಂದೆ. ಸುದ್ದಿ ಒಳ್ಳೆಯದೇ. ತುಕ್ಕಾನಟ್ಟಿಯ ದುಂಡಪ್ಪ, ಹೆಂಡತಿ ಇಲ್ಲದವನು, ನಮ್ಮ ಶಿವಗಂಗಕ್ಕನನ್ನು ಉಡಿಕೆ ಮಾಡಿಕೊಳ್ಳಲು ಒಪ್ಪಿದ್ದಾನೆ. ಅಕ್ಕನಿಗೂ ಮನಸ್ಸಿದೆಯಂತೆ— ಅಲ್ಲವ್ವ ಹೇಳಿದಳು. ಗಂಡ ಸತ್ತವಳಿಗೆ ಇನ್ನೊಂದು ಮದುವೆ ನಮ್ಮಲ್ಲಿ ತಪ್ಪಲ್ಲ. ಆದರೆ ಭಾವ ಸತ್ತದ್ದನ್ನು ಕಂಡವರಿಲ್ಲ. ಅದಕ್ಕೆ ಮಾರ್ಚ್ ಆರಕ್ಕೆ ದೈವದ ಮುಂದೆ ನಾನು ವಿಭೂತಿ ಮುಟ್ಟಿ ಹೇಳಬೇಕು: ನನ್ನ ಅಕ್ಕನ ಗಂಡ ತೀರಿಕೊಂಡಿದ್ದಾನೆ. ಒಂದೇ ಮಾತು.

"ಸತ್ತಾನಂತ ಊರಿಗೆಲ್ಲ ಗೊತ್ತೈತಿ. ನೀ ಬರೇ ಬಾಯಿ ತೆರಿ" ಎಂದರು ಕಾಕಾ.

ಊರಿಗೆ ಹೇಗೆ ಗೊತ್ತು? ಏಳು ವರ್ಷದ ಹಿಂದೆ ಮುಂಬಯಿ ಗಿರಣಿಗೆ ಹೋದ. ಮೊದಲ ವರ್ಷ ಎರಡು ಕಾಗದ. ಆಮೇಲೆ ಇಲ್ಲ. ದೊಡ್ಡ ಜ್ವರದ ಬೇನೆ ಬಂದು ಹೋದ ಮೇಲೆ, ಅಲ್ಲಿಂದ ತಿರುಗಿ ಬಂದ ನಮ್ಮೂರ ಲಕ್ಕಪ್ಪ, ಭಾವನ ಟ್ರಂಕು ತಂದು ಅಂಗಳದಲ್ಲಿ ಇಳಿಸಿದ. ಅದೇ ದಿನ ಅಕ್ಕನ ಬಳೆ ತೆಗೆಸಿದರು. ಟ್ರಂಕು ಬಂತು, ಮನುಷ್ಯ ಬರಲಿಲ್ಲ, ಆದ್ದರಿಂದ ಸತ್ತ. ನಾನೂ ಅತ್ತಿದ್ದೆ.

ನಡುವೆ ಏನು ನುಂಗಿದೆವು? ಮಾಸ್ತರು ಈ ಚಟ ಹಚ್ಚಬಾರದಿತ್ತು…

೨೩ ಫೆಬ್ರುವರಿ, ಸಂಜೆ

ಲಕ್ಕಪ್ಪನ ಹೊಲಕ್ಕೇ ಹೋಗಿ ಕೇಳಿದೆ. ಭಾವ ಇದ್ದ ಚಾಳಿನ ಸಾಲುಮನೆಗಳಲ್ಲಿ ಬೇನೆಗೆ ಒಬ್ಬರೂ ಉಳಿಯಲಿಲ್ಲ ಎಂದ. ಹೆಣ ಕಂಡೆಯಾ? ಇಲ್ಲ, ತಾನಿದ್ದದ್ದು ಬೇರೆ ಓಣಿ. ಆ ದಿನಗಳಲ್ಲಿ ಭಾವ ಅಲ್ಲೇ ಇದ್ದನೇ? ಇದ್ದಿರಬೇಕು. ಯಾಕೆ? ಟ್ರಂಕು ಅಲ್ಲೇ ಇತ್ತಲ್ಲ.

"ಟ್ರಂಕು ಬಿಟ್ಟು ಮನಶಾ ಎಲ್ಲಿ ಹೋಗ್ತಾನೋ ಅಪ್ಪಣ್ಣಾ?"

ಬಿಟ್ಟು ಹೋಗುವುದಿಲ್ಲ ಎಂದು ಯಾರು ಹೇಳಿದರು? ಹೆಂಡತಿಯನ್ನೇ ಬಿಟ್ಟು ಹೋದವನು. ಬಾಯಿಗೆ ಬಂತು, ಆಡಲಿಲ್ಲ. ಲಕ್ಕಪ್ಪ ಕಡಲೆ ಗಿಡ ಕಿತ್ತು ಕೊಟ್ಟ. ತಿನ್ನಲು ಮನಸ್ಸಾಗಲಿಲ್ಲ. ತಿಂದೆ.

೨೪ ಫೆಬ್ರುವರಿ

ಅಕ್ಕ ಹೊಳೆಗೆ ಹೋದಾಗ ಟ್ರಂಕು ತೆರೆದು ನೋಡಿದೆ. ಎರಡು ಧೋತರ, ಕನ್ನಡಿ, ಬೀಗವಿಲ್ಲದ ಕೀಲಿಕೈ. ಕಂಬಳಿ ಇಲ್ಲ. ಊರಿನಿಂದ ಒಯ್ದ ಕರೀ ಕಂಬಳಿ ಅದು, ನಾನೇ ಮಡಿಚಿ ಕೊಟ್ಟದ್ದು.

ಕಂಬಳಿ ಇಲ್ಲ ಎಂದರೆ ಹೊದ್ದುಕೊಂಡು ಹೋಗಿದ್ದಾನೆ. ಬದುಕಿದ್ದಾನೆ! ಮತ್ತೆ ಯೋಚನೆ— ಹೆಣ ಸುತ್ತಿ ಒಯ್ದಿದ್ದರೆ? ಯಾರಾದರೂ ಕದ್ದಿದ್ದರೆ? ಯಾವ ಕಡೆ ಹೊರಟರೂ ನುಂಗಿದ ಮಾತೊಂದು ಕಾಲಿಗೆ ತೊಡರುತ್ತದೆ.

ಬದುಕಿದ್ದರೆ ಕಾಗದ ಬರೆಯುತ್ತಿದ್ದ ಎನ್ನುತ್ತಾರೆ. ಬರೆಯುವ ಮನಸ್ಸಿದ್ದರೆ ತಾನೆ. ಇದಕ್ಕಿಂತ ಕೆಟ್ಟದ್ದು ಇನ್ನೊಂದು: ಬಂದ ಕಾಗದವೆಲ್ಲ ನಮಗೆ ಮುಟ್ಟಿದೆ ಎಂಬುದು. ಬೇನೆಯ ವರ್ಷ ನಾನೂ ಇಪ್ಪತ್ತು ದಿನ ಮಲಗಿದ್ದೆ. ಆಗ ಕಾಗದ ಹಂಚಿದವರು ಯಾರು? ನೆನಪಾಗುತ್ತಿಲ್ಲ.

ರೊಟ್ಟಿ ಬೇಡವೆಂದು ಕೂತಿದ್ದೆ. ಅಕ್ಕ ಜೀರಿಗೆ ನೀರು ತಂದಳು. ಏನು ಚಿಂತೆ ಎಂದು ಕೇಳಿದಳು. ಏನಿಲ್ಲ ಎಂದೆ. ಖಾಲಿ ಲೋಟ ಎತ್ತಿಕೊಂಡಳು. ಹೋದಳು.

೪ ಮಾರ್ಚ್, ಶನಿವಾರ

ಎಂಟು ದಿನ ಬರೆಯಲಾಗಲಿಲ್ಲ. ಜ್ವರವಲ್ಲ, ಜ್ವರದಂಥದ್ದು. ಡ್ಯೂಟಿ ತಪ್ಪಿಸಿಲ್ಲ.

ನಾಡಿದ್ದು ದೈವ. ಆಣೆ ಮಾಡಿ, ಆಮೇಲೆ ಭಾವ ಬಂದು ನಿಂತರೆ ಅಕ್ಕನ ಗತಿ? ಆಣೆ ಮಾಡದಿದ್ದರೆ ಉಡಿಕೆ ನಿಂತಿತು. ಯುಗಾದಿಯೊಳಗೆ ಆಗದಿದ್ದರೆ ಬೇರೆ ಕಡೆ ನೋಡುತ್ತೇವೆ ಎಂದು ದುಂಡಪ್ಪನ ಮನೆಯಿಂದ ಹೇಳಿ ಕಳಿಸಿದ್ದಾರೆ. ಬಳೆ ತೆಗೆಸಿಕೊಂಡು ನಮ್ಮ ಅಡಿಗೆಮನೆಯಲ್ಲಿ ಮೂರು ವರ್ಷ ಕಳೆದವಳು ಮುಂದೆಯೂ ಹಾಗೇ ಕಳೆಯಬೇಕು.

ಮಾಸ್ತರ ಹತ್ತಿರ ಎಲ್ಲ ಹೇಳಿಕೊಂಡೆ. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ಆಣೆ ಮಾಡಬೇಡ ಎಂದರು. ಅದು ನನಗೂ ಗೊತ್ತು. ಆಮೇಲೆ ಕೇಳಿದರು:

"ಶಿವಗಂಗವ್ವ ಏನಂತಾಳ?"

ಆಕೆ ಏನನ್ನಬೇಕು, ಭಾವ ಸತ್ತದ್ದು ಆಕೆಗೆ ತಾನೆ ಹೇಗೆ ಗೊತ್ತಾಗಬೇಕು ಎಂದೆ. ಮಾಸ್ತರು ಚಾಳೀಸಿನ ಕನ್ನಡಕ ಏರಿಸಿ ಹಳೆಯ ಕಾರ್ಡನ್ನೇ ಮತ್ತೆ ಓದತೊಡಗಿದರು. ಸಿಟ್ಟು ಬಂತೋ ಏನೋ. ದಾರಿಯುದ್ದಕ್ಕೂ ಅದೇ ಕೊರೆತ.

೭ ಮಾರ್ಚ್, ಬೆಳಿಗ್ಗೆ

ನಿನ್ನೆಯದನ್ನು ಇದ್ದ ಹಾಗೆ ಬರೆದಿಡುತ್ತೇನೆ.

ಮಠದ ಪಡಸಾಲೆಯಲ್ಲಿ ಹಿರಿಯರು. ಒಳಬಾಗಿಲ ಆಚೆ ಹೆಂಗಸರು. ತಾಟಿನಲ್ಲಿ ವಿಭೂತಿ. ಕಾಕಾ ನನ್ನನ್ನು ಕರೆದರು. ಕೈ ಚಾಚಿದೆ, ಮುಟ್ಟಲಾಗಲಿಲ್ಲ. ಸತ್ತಿರಬಹುದು ಎಂದೆ. ಬಹುದು ಬೇಡ, ಸತ್ತಾನ ಅನ್ನು ಎಂದರು. ನಾನು ಟ್ರಂಕು, ಚಾಳು, ಕಂಬಳಿ ಎಂದು ಶುರು ಮಾಡಿದೆ. ಹಿಂದಿನಿಂದ ಯಾರೋ ನಕ್ಕರು. ಕಾಕಾನ ಮುಖ ಕೆಂಪಾಯಿತು.

ಆಗ ಅಕ್ಕ ಬಾಗಿಲು ದಾಟಿ ಬಂದಳು. ಸೆರಗು ತಲೆಯ ಮೇಲೆ, ದನಿ ಮೆಲ್ಲಗೆ.

"ತಮ್ಮಗ ಯಾಕ ಆಣಿ ಹಾಕ್ತೀರಿ? ಅಂವ ಸತ್ತಾನೋ ಬದುಕ್ಯಾನೋ ಅಂತ ಎಲ್ಲಾರೂ ಹುಡುಕಾಕತ್ತೀರಿ. ಬದುಕಿದ್ರ ನಾ ಅಂವನ ದಾರಿ ಕಾಯತೇನಿ ಅಂತ ನಿಮಗ ಯಾರು ಹೇಳಿದ್ರು?"

ಅಕ್ಕನೇ ಮುಂದುವರಿಸಿದಳು. ಬಳೆ ತೆಗೆಸಿದಾಗಲೂ ತನ್ನನ್ನು ಕೇಳಲಿಲ್ಲ, ಈಗಲೂ ಕೇಳಿಲ್ಲ. ಹೋದ ಎರಡನೆಯ ವರ್ಷವೇ ತಾನು ಆ ಮನುಷ್ಯನನ್ನು ಮನಸ್ಸಿನಿಂದ ಬಿಟ್ಟಾಗಿದೆ. ಸೋಡಚೀಟಿ ಬರೆಯಿರಿ, ಹೆಬ್ಬೆಟ್ಟು ಒತ್ತುತ್ತೇನೆ ಎಂದಳು.

ಸೋಡಚೀಟಿ ನಮ್ಮಲ್ಲಿ ಹೊಸದಲ್ಲ. ಹೆಂಡತಿ ಬೇಡವಾದ ಗಂಡ ದೈವದ ಮುಂದೆ ಬರೆದುಕೊಟ್ಟರೆ ಬಿಡುಗಡೆ, ಆಮೇಲೆ ಆಕೆಗೆ ಉಡಿಕೆ ಆಗಬಹುದು. ಬರೆದದ್ದೆಲ್ಲ ಗಂಡಸರೇ.

"ಹೆಂಗಸು ಸೋಡಚೀಟಿ ಕೊಡೂದು ಎಲ್ಲಿ ಐತಿ?" ಎಂದರು ಕಾಕಾ.

"ಕೊಡಬಾರದಂತ ಎಲ್ಲಿ ಐತ್ರಿ, ಕಾಕಾ?"

ಕಾಕಾ ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಹಿರಿಯರೆಲ್ಲ ಅವರ ಮುಖವನ್ನೇ ನೋಡುತ್ತಿದ್ದರು. ನಾನು ಇಷ್ಟು ದಿನ ನುಂಗಿದ ಮಾತುಗಳನ್ನು ಹೆಕ್ಕಿ ಹೆಕ್ಕಿ ಒಗೆದೆ— ಟ್ರಂಕಿನದು, ಚಾಳಿನದು, ಕಾಗದದ್ದು. ಎಲ್ಲಕ್ಕೂ ಕೆಳಗಿದ್ದದ್ದು ಇದು: ಭಾವ ಬದುಕಿದ್ದರೆ ಅಕ್ಕ ಅವನವಳೇ ಎಂಬುದು. ಅದರ ಮೇಲೇ ಕೂತು ಹುಡುಕುತ್ತಿದ್ದೆ.

ಕೊನೆಗೆ ಕಾಕಾ ವಿಭೂತಿಯ ತಾಟು ಬದಿಗೆ ಸರಿಸಿ, "ಬರಿ, ಅಪ್ಪಣ್ಣಾ" ಎಂದರು.

ಟಾಕು ಮಸಿಯಲ್ಲಿ ಅದ್ದಿದೆ. ಯಾರಿಗೆಂದು ಬರೆಯಲಿ ಎಂದು ಹಿರಿಯರನ್ನೇ ಕೇಳಿದೆ. ಹೆಂಡತಿಯಾದವಳು ಗಂಡನ ಹೆಸರು ಹೇಳುವುದುಂಟೆ? ನಮ್ಮ ಅವ್ವ ಸಾಯುವವರೆಗೆ ಅಪ್ಪನ ಹೆಸರು ಆಡಲಿಲ್ಲ.

"ಗುರುಲಿಂಗಪ್ಪ" ಎಂದಳು ಅಕ್ಕ.

ಊರಿನ ಯಾವುದೋ ಗಂಡಸಿನ ಹೆಸರು ಹೇಳಿದ ಹಾಗೆ ಹೇಳಿದಳು. ಕಾಗದದ ಮೇಲೆ ಮಸಿ ಬಿತ್ತು. ಅದರ ಪಕ್ಕದಲ್ಲೇ ಬರೆದೆ.

೧೦ ಮಾರ್ಚ್, ಶುಕ್ರವಾರ, ಮಧ್ಯಾಹ್ನ

ದುಂಡಪ್ಪ ತುಕ್ಕಾನಟ್ಟಿಯಿಂದ ಬಂದಿದ್ದಾನೆ. ದಿನ ಗೊತ್ತು ಮಾಡಲು. ದೊಡ್ಡ ಕೈ, ಸಣ್ಣ ದನಿ. ಊಟವಾದ ಮೇಲೆ ನನ್ನನ್ನು ಕಟ್ಟೆಯ ತುದಿಗೆ ಕರೆದು ಪಿಸುಗುಟ್ಟಿದ:

"ಅಂವ ತಿರಿಗಿ ಬಂದ್ರ ಏನ್ ಮಾಡೂದ್ರಿ?"

ನನಗಿಂತ ಚಿಂತೆಯವನು ಒಬ್ಬನಾದರೂ ಸಿಕ್ಕನಲ್ಲ ಎಂದು ಎದೆ ಹಗುರಾಯಿತು. ನಿಧಾನಕ್ಕೆ ಬಿಡಿಸಿ ಹೇಳಲು ಹೊರಟೆ: ಬಂದರೆ ಎನ್ನುವಾಗ ಬದುಕಿದ್ದಾನೆ ಎಂಬುದೊಂದು, ಬಂದರೆ ಇಲ್ಲಿಗೇ ಬರುತ್ತಾನೆ ಎಂಬುದೊಂದು… ಒಳಗೆ ಜೋಳ ಹಸನು ಮಾಡುತ್ತಿದ್ದ ಅಕ್ಕ ಮೊರ ನಿಲ್ಲಿಸದೆ ಹೇಳಿದಳು:

"ಬಂದ್ರ ನೀರು ಕೊಡ್ರಿ. ಬಿಸಲಾಗ ಬಂದಿರ್ತಾನ."

ದುಂಡಪ್ಪ ನಕ್ಕುಬಿಟ್ಟ. ಎದ್ದು ಹೋಗಿ ಎತ್ತಿಗೆ ಕಣಿಕೆ ಹಾಕುತ್ತಿದ್ದಾನೆ. ನಾನು ಇಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಈ ಮಾತಿನಲ್ಲಿ ಏನು ನುಂಗಿದ್ದಾಳೆ ಎಂದು ಹುಡುಕುತ್ತಿದ್ದೇನೆ. ಬಿಸಿಲಲ್ಲಿ ಬಂದವನಿಗೆ ಬಾಯಾರಿರುತ್ತದೆ. ಅಷ್ಟೇ. ಅದರ ಕೆಳಗೆ ಇನ್ನೇನಾದರೂ—